ಕುಸುಮಾ ಡ್ರೈವಿಂಗ್ ಸ್ಕೂಲಿನ ಯೋಗಾನಂದ ಸಮುದ್ರದ ಗವಿ ಹೊಕ್ಕಿದ್ದು

ಬೆಂಗಳೂರಿನ ಚಂದ್ರಾ ಲೇಔಟಿನ ಒಂದು ಅಡ್ಡರಸ್ತೆಯಲ್ಲಿ, ದರ್ಶಿನಿ ಹೋಟೆಲಿನ ಮಗ್ಗುಲಿಗೆ, ಹಳದಿ ಬಣ್ಣದ ಬೋರ್ಡೊಂದು ತೂಗುತ್ತದೆ. 'ಕುಸುಮಾ ಡ್ರೈವಿಂಗ್ ಸ್ಕೂಲ್. ಮಹಿಳೆಯರಿಗೆ ವಿಶೇಷ ಗಮನ.' ಕೆಳಗೆ ಸಣ್ಣಕ್ಷರದಲ್ಲಿ ಯೋಗಾನಂದ ಎಂಬ ಹೆಸರು. ಈ ಬೋರ್ಡಿನಲ್ಲಿ ಸುಳ್ಳೇನೂ ಇಲ್ಲ. ಯೋಗಾನಂದ ಇದ್ದಾನೆ, ಸ್ಕೂಲಿದೆ, ಮಹಿಳೆಯರು ಬರುತ್ತಾರೆ, ಅವರಿಗೆ ಗಮನವೂ ಸಿಗುತ್ತದೆ. ಕುಸುಮಾ ಎಂಬಾಕೆಯೂ ಇದ್ದಾಳೆ, ಯೋಗಾನಂದನ ಹೆಂಡತಿ. ವಿಜಯನಗರದಿಂದ ನಾಗರಬಾವಿವರೆಗಿನ ಅರ್ಧಕ್ಕರ್ಧ ಹೆಂಗಸರು ಈ ಬೋರ್ಡಿನ ಕೆಳಗೆ ಹಾದುಹೋಗಿ ಲೈಸೆನ್ಸ್ ಪಡೆದಿದ್ದಾರೆ. ಬೋರ್ಡಿನ ಮೇಲೆ ಹೆಸರಿರುವ ಕುಸುಮಾಳಿಗೆ ಮಾತ್ರ ಡ್ರೈವಿಂಗ್ ಬರುವುದಿಲ್ಲ.

ಇದೇನೂ ಗುಟ್ಟಲ್ಲ. ಹೊಸದಾಗಿ ಸೇರುವವರಲ್ಲಿ ಯಾರಾದರೂ ಒಬ್ಬರು ಕೇಳೇ ಕೇಳುತ್ತಾರೆ. "ಸಾರ್, ಕುಸುಮಾ ಮೇಡಂ ಅವರೇ ಕಲಿಸ್ತಾರಾ?" ಯೋಗಾನಂದ ಗಂಟಲು ಸರಿಮಾಡಿಕೊಂಡು, "ಮೇಡಂ ಮೇಲ್ವಿಚಾರಣೆ ನೋಡ್ಕೋತಾರೆ," ಅನ್ನುತ್ತಾನೆ. ಆ ಹೊತ್ತಿಗೆ ಮೇಲ್ವಿಚಾರಣೆಯ ಮೇಡಂ ಮಹಡಿ ಮೇಲಿನ ಮನೆಯಲ್ಲಿ ಯಾರದೋ ಮದುವೆಯ ಬ್ಲೌಸಿಗೆ ತೋಳು ಕೂಡಿಸುತ್ತಿರುತ್ತಾಳೆ. ಅವಳದು ಟೈಲರಿಂಗ್. ಚಂದ್ರಾ ಲೇಔಟಿನಲ್ಲಿ ಅವಳ ಹೊಲಿಗೆಗೆ ಒಳ್ಳೆಯ ಹೆಸರು.

ಯೋಗಾನಂದ ಕಲಿಸಲು ನೋಡಲಿಲ್ಲವೆಂದಲ್ಲ. ಮದುವೆಯಾದ ಹೊಸದರಲ್ಲಿ, ಅವನ ಊರಾದ ಮಲ್ಲತ್ತಹಳ್ಳಿಯ ಕೆರೆ ಪಕ್ಕದ ರಸ್ತೆಗೆ ಅವಳನ್ನು ಕರೆದುಕೊಂಡು ಹೋಗಿದ್ದ. ಆಗ ಆ ಕಡೆ ವಾಹನ ಕಡಿಮೆ. ಕುಸುಮಾ ಸೀಟಿನಲ್ಲಿ ಕೂತು ಇನ್ನೂ ಸೆರಗು ಸರಿಪಡಿಸಿಕೊಳ್ಳುತ್ತಿದ್ದಳು, ಇವನು ಶುರು ಮಾಡಿದ. ಕ್ಲಚ್ ಕ್ಲಚ್ ಕ್ಲಚ್. ನೋಡ್ಕೊಂಡು. ಅಯ್ಯೋ ಎಡಕ್ಕೆ. ಎಡ ಅಂದ್ರೆ ಎಡ ಕಣೇ, ಊಟ ಮಾಡಲ್ವಲ್ಲ ಆ ಕೈ! ಆ ದನಿಗೆ ಕೆರೆಯ ಏರಿ ಮೇಲೆ ಮೇಯುತ್ತಿದ್ದ ಎಮ್ಮೆಗಳು ತಲೆ ಎತ್ತಿ ನೋಡಿದವಂತೆ. ಮೂರನೇ ದಿನ ಕುಸುಮಾ ರಸ್ತೆಯ ನಟ್ಟನಡುವೆ ಗಾಡಿ ನಿಲ್ಲಿಸಿದಳು. ಬೀಗದ ಕೈ ಕಿತ್ತುಕೊಂಡಳು. ಆಟೋ ಹತ್ತಿ ನೆಟ್ಟಗೆ ಕೆಂಗೇರಿಯ ತವರಿಗೆ ಹೋಗಿಬಿಟ್ಟಳು. ಸ್ಟೇರಿಂಗ್ ಬೀಗ ಬಿದ್ದ ಗಾಡಿಯನ್ನು ತಳ್ಳಲೂ ಆಗದೆ ಬಿಡಲೂ ಆಗದೆ ಯೋಗಾನಂದ ರಸ್ತೆ ಮಧ್ಯೆ ನಿಂತು, ಬಂದ ಬಂದ ಟ್ರ್ಯಾಕ್ಟರಿಗೆಲ್ಲ ಕೈಸನ್ನೆ ಮಾಡುತ್ತ ಮಧ್ಯಾಹ್ನದವರೆಗೂ ಟ್ರಾಫಿಕ್ ಪೊಲೀಸನ ಕೆಲಸ ಮಾಡಿದ. ನೋಡಿದವರೆಲ್ಲ ಅವನ ಊರಿನವರೇ.

ಬೇರೆಯವರ ಜೊತೆಗಾದರೆ ಅವನ ಬಾಯಲ್ಲಿ ಬೆಣ್ಣೆ. ಪಾಠ ಕಲಿಯಲು ಬಂದ ಹೆಂಗಸೊಬ್ಬಳು ಯಾರದೋ ಕಾಂಪೌಂಡಿಗೆ ಕಾರಿನ ಮೂತಿ ತಾಗಿಸಿ ನಿಲ್ಲಿಸಿದರೂ, "ಪರವಾಗಿಲ್ಲ ಮೇಡಂ, ಗೋಡೆ ಎಲ್ಲೂ ಓಡೋಗಲ್ಲ. ನಾವೇ ನಿಧಾನಕ್ಕೆ ಹಿಂದಕ್ಕೆ ಬರೋಣ," ಅನ್ನುವ ಸಂಭಾವಿತ. ಅವನ ಧೈರ್ಯವೆಲ್ಲ ಇರುವುದು ಪಾದದಲ್ಲಿ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವನ ಕಡೆಗೂ ಎರಡು ಪೆಡಲ್ ಇರುತ್ತವೆ. ಎಡಗಾಲಿಗೆ ಕ್ಲಚ್ಚು, ಬಲಗಾಲಿಗೆ ಬ್ರೇಕು. ಕಲಿಯುವವರು ಏನೇ ಎಡವಟ್ಟು ಮಾಡಲಿ, ಇವನ ಬಲಗಾಲು ಒತ್ತಿದರೆ ಗಾಡಿ ನಿಲ್ಲುತ್ತದೆ. ಇಷ್ಟು ವರ್ಷ ಹೀಗೆ ಒತ್ತಿ ಒತ್ತಿ ಆ ಕಾಲು ಅವನ ಮಾತು ಕೇಳುವುದನ್ನೇ ಬಿಟ್ಟಿದೆ. ಆಟೋದಲ್ಲಿ ಕೂತರೂ ಒತ್ತುತ್ತದೆ, ಬಸ್ಸಿನಲ್ಲಿ ಕೂತರೂ ಒತ್ತುತ್ತದೆ. ಧಾರಾವಾಹಿಯಲ್ಲಿ ಅತ್ತೆ ಮೆಟ್ಟಿಲಿಂದ ಜಾರುವ ದೃಶ್ಯ ಬಂದರೂ ಒತ್ತುತ್ತದೆ. ಮನೆಯ ಸೋಫಾದ ಮುಂದಿನ ಮ್ಯಾಟು ಬಲಗಡೆ ಮಾತ್ರ ಸವೆದಿರುವುದು ಇದೇ ಕಾರಣಕ್ಕೆ.

ಹೀಗೆ ಸಂಸಾರ ಚೆನ್ನಾಗಿಯೇ ನಡೆದುಕೊಂಡು ಬಂತು. ಈ ವರ್ಷ ಕೆಂಗೇರಿಯಲ್ಲಿ ಕುಸುಮಾಳ ತಾಯಿ ಹನುಮಕ್ಕನಿಗೆ ಮಂಡಿ ಆಪರೇಷನ್ ಆಯಿತು. ಕುಸುಮಾ ದಿನಾ ಎರಡು ಬಸ್ ಬದಲಾಯಿಸಿ, ಸಾರಿನ ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು ಹೋಗಿಬರಬೇಕಾಯಿತು. ಗಂಡನನ್ನು ಕರೆದರೆ ಆ ಹೊತ್ತಿಗೇ ಕ್ಲಾಸು. ಒಂದು ದಿನ ಬಸ್ ಜೋರಾಗಿ ಬ್ರೇಕ್ ಹಾಕಿ ಬಸ್ಸಾರು ಪೂರ್ತಿ ಅವಳ ಸೀರೆ ಮೇಲಾಯಿತು. ಸಂಜೆ ಮನೆಗೆ ಬಂದವಳು ಸೀರೆ ನೆನೆಹಾಕಿ, ಗಂಡನಿಗೆ ಕಾಫಿ ಕೊಟ್ಟು, ಏನೂ ಆಗದವಳ ಹಾಗೆ ಹೇಳಿದಳು.

"ನಾನು ಡ್ರೈವಿಂಗ್ ಕಲೀತೀನಿ. ಸೇತುರಾಮಣ್ಣನ ಹತ್ರ ಮಾತಾಡಿದೀನಿ. ಮುಂದಿನ ತಿಂಗಳಿಂದ ಬನ್ನಿ ಅಂದ್ರು."

ಯೋಗಾನಂದನ ಬಲಗಾಲು ತಾನಾಗಿಯೇ ನೆಲಕ್ಕೆ ಒತ್ತಿತು. ಸೇತುರಾಮ ಅಂದರೆ ದೀಪಾಂಜಲಿ ನಗರದ ಮೆಟ್ರೋ ಸ್ಟೇಷನ್ ಹತ್ತಿರ ಡ್ರೈವಿಂಗ್ ಸ್ಕೂಲ್ ಇಟ್ಟುಕೊಂಡವನು. ಇಬ್ಬರೂ ಎದುರಾದರೆ ನಗುತ್ತಾರೆ, ಹಿಂದಿನಿಂದ ಒಬ್ಬರ ವಿದ್ಯಾರ್ಥಿಗಳನ್ನು ಇನ್ನೊಬ್ಬರು ಸೆಳೆಯುತ್ತಾರೆ. ಕುಸುಮಾ ಡ್ರೈವಿಂಗ್ ಸ್ಕೂಲಿನ ಕುಸುಮಾ ಸೇತುರಾಮನ ಗಾಡಿಯಲ್ಲಿ, ನೆತ್ತಿ ಮೇಲೆ ದೊಡ್ಡ ಎಲ್ ಬೋರ್ಡು ಹೊತ್ತುಕೊಂಡು, ಮೈಸೂರು ರಸ್ತೆಯಲ್ಲಿ ಮೆರವಣಿಗೆ ಹೋಗುವುದು! ಅವನಿಗೆ ಕಾಫಿ ಕಹಿಯಾಯಿತು.

"ನಾನೇ ಕಲಿಸ್ತೀನಿ ಕಣೇ. ನನ್ ಮಾನ ತೆಗೀಬೇಡ."

"ನೀವು ಬೈತೀರ."

"ಬೈಯಲ್ಲ. ನಮ್ಮಪ್ಪನಾಣೆ ಬೈಯಲ್ಲ."

"ಬೈಯದೆ ಇರೋದ್ ಇರ್ಲಿ, ಬಾಯಿ ಮುಚ್ಕೊಂಡ್ ಕೂರಕ್ಕಾಗತ್ತಾ ನಿಮಗೆ?"

ಹೀಗೆ ಚೌಕಾಸಿ ನಡೆದು ಒಂದು ಪಂದ್ಯ ಕಟ್ಟುವಲ್ಲಿಗೆ ಬಂತು. ಚಂದ್ರಾ ಲೇಔಟ್ ಪಾರ್ಕಿನಲ್ಲಿ ಬೆಳಿಗ್ಗೆ ನಡೆಯುವವರ ಒಂದು ಬಳಗವಿದೆ. ಗಂಡ ಹೆಂಡತಿ ಇಬ್ಬರೂ ಅದರ ಸದಸ್ಯರು. ರಿಟೈರಾದ ಜಗನ್ನಾಥ ಅದರ ಮುಖಂಡ. ವರ್ಷವರ್ಷ ಅವರು ಎಲ್ಲರನ್ನೂ ಯಾವುದಾದರೂ ಕ್ಷೇತ್ರಕ್ಕೆ ಕರೆದೊಯ್ಯುತ್ತಾರೆ. ಈ ಸಲ ಗೋಕರ್ಣ. ಆದರೆ ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿದ ಜಗನ್ನಾಥರಿಗೆ ದೇವರ ಜೊತೆಗೆ ಸಾಹಸವೂ ಬೇಕೆನಿಸಿ, ಕಯಾಕ್ ಎಂಬ ಉದ್ದನೆಯ ಸಣ್ಣ ದೋಣಿಯಲ್ಲಿ ಸಮುದ್ರದ ಗವಿ ನೋಡುವ ಕಾರ್ಯಕ್ರಮವನ್ನೂ ಸೇರಿಸಿದ್ದರು. ದೋಣಿಗೆ ಇಬ್ಬಿಬ್ಬರು.

ಕುಸುಮಾ ತೀರ್ಪು ಕೊಟ್ಟಳು. "ಆ ದೋಣೀಲಿ ನಾನು ಮುಂದೆ, ನೀವು ಹಿಂದೆ. ಹತ್ತಿದ ಮೇಲೆ ಇಳಿಯೋವರೆಗೂ ಒಂದೇ ಒಂದು ಮಾತು ಆಡಬಾರದು. ಆಡ್ದಿದ್ರೆ ನಿಮ್ ಹತ್ರಾನೇ ಕಲೀತೀನಿ. ಆಡಿದ್ರೆ ಸೇತುರಾಮಣ್ಣ."

ಇಷ್ಟೇ ತಾನೇ ಎಂದು ಯೋಗಾನಂದ ಒಪ್ಪಿಕೊಂಡ. ಅವನಿಗೆ ಈಜು ಬರುವುದಿಲ್ಲ ಎನ್ನುವುದು ಅವನಿಗೆ ನೆನಪಾದದ್ದು ಆಮೇಲೆ.

ಟೆಂಪೋ ಟ್ರಾವೆಲರ್ ಘಟ್ಟ ಇಳಿಯುವಾಗ ಡ್ರೈವರಿನ ಹಿಂದಿನ ಸೀಟಿನಲ್ಲಿ ಕೂತ ಯೋಗಾನಂದ ಪ್ರತಿ ತಿರುವಿನಲ್ಲೂ ಬ್ರೇಕ್ ಹಾಕಿದ. ಅವನ ಬೂಟು ಡ್ರೈವರಿನ ಸೀಟಿಗೆ ಗುದ್ದಿ ಗುದ್ದಿ ಡ್ರೈವರಿಗೆ ಸೊಂಟ ನೋವು ಬಂತು. "ಸಾರ್, ನೀವೇ ಓಡಿಸ್ತೀರಾ?" ಎಂದು ಅವನು ಕೇಳಿದಾಗ ಎಲ್ಲರೂ ನಕ್ಕರು. ಯೋಗಾನಂದನೂ ನಕ್ಕ. ಮುಂದಿನ ತಿರುವಿನಲ್ಲಿ ಮತ್ತೆ ಒತ್ತಿದ. ಕುಸುಮಾ ಕಿಟಕಿಯಾಚೆ ನೋಡುತ್ತ ಕಡಲೆಕಾಯಿ ಸುಲಿಯುತ್ತಿದ್ದಳು. ಅದೇ ಅವನಿಗೆ ಹೆಚ್ಚು ದಿಗಿಲು.

ಮಹಾಬಲೇಶ್ವರನ ದರ್ಶನ ಮುಗಿಸಿ ಮರುದಿನ ಬೆಳಿಗ್ಗೆ ಊರಿಂದ ತುಸು ದೂರದ ಒಂದು ಪುಟ್ಟ ಕಡಲತೀರಕ್ಕೆ ಹೋದರು. ಮರಳ ಮೇಲೆ ಕಿತ್ತಳೆ, ಹಸಿರು ಬಣ್ಣದ ಪ್ಲಾಸ್ಟಿಕ್ ದೋಣಿಗಳು ಸಾಲಾಗಿ ಬಿದ್ದಿದ್ದವು. ಅವುಗಳನ್ನು ನೋಡಿದ್ದೇ ಬಳಗದ ಬಹುತೇಕರಿಗೆ ತಮ್ಮ ತಮ್ಮ ಬಿಪಿ, ಶುಗರ್ ಎಲ್ಲ ನೆನಪಿಗೆ ಬಂದವು. ಅವರು ಚಹಾದ ಗುಡಿಸಲಿನಲ್ಲಿ ಗಟ್ಟಿಯಾಗಿ ಕೂತುಬಿಟ್ಟರು. ಕೊನೆಗೆ ನೀರಿಗಿಳಿದದ್ದು ಎರಡೇ ದೋಣಿ. ಒಂದರಲ್ಲಿ ಜಗನ್ನಾಥ ಮತ್ತು ದಾರಿ ತೋರಿಸುವ ಅರುಣ. ಇನ್ನೊಂದರಲ್ಲಿ ನಮ್ಮ ದಂಪತಿ.

ಅರುಣ ಕುಮಟೆಯ ಕಡೆಯವನು. ಬಿಸಿಲಿಗೆ ಕಪ್ಪಾದ ಗಟ್ಟಿ ಆಳು. ಇಬ್ಬರಿಗೂ ಲೈಫ್ ಜಾಕೆಟ್ ಬಿಗಿದು, ಎರಡೂ ತುದಿಗೆ ಅಗಲವಾದ ಅಲಗಿದ್ದ ಹುಟ್ಟನ್ನು ಕೈಗೆ ಕೊಟ್ಟ. "ಬಲಗಡೆ ಹಾಕಿದ್ರೆ ದೋಣಿ ಎಡಕ್ಕೆ ಹೋಗ್ತದೆ ಅಕ್ಕ. ಎಡಗಡೆ ಹಾಕಿದ್ರೆ ಬಲಕ್ಕೆ." ಕುಸುಮಾ ಒಂದೆರಡು ಸಲ ಗಾಳಿಯಲ್ಲೇ ಹುಟ್ಟು ಆಡಿಸಿ ನೋಡಿ ತಲೆಯಾಡಿಸಿದಳು. ಅರುಣ ಹಿಂದಿನ ಸೀಟಿನ ಹತ್ತಿರ ಬಂದ. "ಸಾರ್ ಭಾರ ಇದೀರಿ, ಹಿಂದೆ ಕೂತ್ಕೊಳ್ಳಿ. ಇದರ ಬಾಲದಲ್ಲಿ ಒಂದು ಚುಕ್ಕಾಣಿ ಇದೆ. ಅದು ತಿರುಗಿಸ್ಲಿಕ್ಕೆ ನಿಮ್ಮ ಕಾಲ ಹತ್ರ ಎರಡು ಪೆಡಲ್ ಇದೆ ನೋಡಿ."

ಯೋಗಾನಂದ ನೋಡಿದ. ಎಡಗಾಲಿಗೊಂದು, ಬಲಗಾಲಿಗೊಂದು. ಬೆಂಗಳೂರು ಬಿಟ್ಟಮೇಲೆ ಮೊದಲ ಬಾರಿ ಅವನ ಎದೆ ಹಗುರವಾಯಿತು. ಪಾದ ಎರಡನ್ನೂ ಪೆಡಲ್ ಮೇಲೆ ಇಟ್ಟು ಸುಖವಾಗಿ ಒರಗಿದ. ಎಡಕ್ಕೆ ಒತ್ತಿದರೆ ದೋಣಿ ಎಡಕ್ಕೆ, ಬಲಕ್ಕೆ ಒತ್ತಿದರೆ ಬಲಕ್ಕೆ ಎಂದು ಅರುಣ ಹೇಳುತ್ತಲೇ ಇದ್ದ. ಅದು ಕಿವಿಗೆ ಬಿತ್ತು, ಕಾಲಿಗೆ ಇಳಿಯಲಿಲ್ಲ.

ಅರುಣ ದೋಣಿಯನ್ನು ಅಲೆಗೆ ತಳ್ಳುವ ಮೊದಲು ಕುಸುಮಾ ಹಿಂದೆ ತಿರುಗಿ, "ಈಗಿಂದ," ಅಂದಳು. ಯೋಗಾನಂದ ತುಟಿ ಬಿಗಿದ.

ತೀರ ದಾಟಿದ ಮೇಲೆ ಸಮುದ್ರ ಅಷ್ಟೇನೂ ಕೆಟ್ಟದಾಗಿರಲಿಲ್ಲ. ಅಲೆ ಒಡೆಯದೆ ದೋಣಿಯನ್ನು ಮೆಲ್ಲಗೆ ಎತ್ತಿ ಇಳಿಸುತ್ತಿತ್ತು. ತೆಂಕಣಕ್ಕೆ ಹೊರಟಿದ್ದರಿಂದ ಬಲಕ್ಕೆ ಬಯಲು ಸಮುದ್ರ, ಎಡಕ್ಕೆ ನೀರಿನಿಂದ ನೆಟ್ಟಗೆ ಎದ್ದ ಗುಡ್ಡ. ಮೇಲೆ ಕೆಂಪು ಜಂಬಿಟ್ಟಿಗೆ ಕಲ್ಲು, ಅದರ ನೆತ್ತಿಯಲ್ಲಿ ಗಾಳಿಗೆ ಒಂದೇ ಕಡೆ ಬಾಗಿದ, ಕೇದಗೆಯಂಥ ಮುಂಡಿಗೆ ಗಿಡ. ಕೆಳಗೆ ಕರೀ ಬಂಡೆಗಳು, ಅಲೆ ಹಿಂದೆ ಸರಿದಾಗ ಮೈತುಂಬ ಅಂಟಿದ ಚಿಪ್ಪು ತೋರಿಸಿ ಮತ್ತೆ ಮುಳುಗುತ್ತಿದ್ದವು. ಬಂಡೆ ಸೀಳಿನೊಳಗೆ ನೀರು ನುಗ್ಗಿ ಗೊಳಕ್ ಎಂದು ಗುಟುಕರಿಸುತ್ತಿತ್ತು. ಗರುಡವೊಂದು ತಲೆ ಮೇಲೆ ಸುತ್ತು ಹಾಕಿತು. ಕುಸುಮಾ ಎಲ್ಲವನ್ನೂ ಕಣ್ಣು ತುಂಬಿಕೊಂಡು, "ಎಷ್ಟು ಚೆನ್ನಾಗಿದೆ ರೀ!" ಅಂದಳು. ಉತ್ತರ ಕೊಡುವ ಹಾಗಿರಲಿಲ್ಲ. ಯೋಗಾನಂದ ಅವಳ ಬೆನ್ನಿಗೆ ತಲೆಯಾಡಿಸಿದ.

ಮೊದಲ ಬಂಡೆ ಎದುರಾಯಿತು. ಅದು ಇನ್ನೂ ಒಂದು ಮನೆಯ ಉದ್ದದಷ್ಟು ದೂರವಿತ್ತು. ಅವನ ಬಲಗಾಲು ಒತ್ತಿತು.

ದೋಣಿ ನಿಲ್ಲಲಿಲ್ಲ. ಬಲಕ್ಕೆ ತಿರುಗಿ, ಬಂಡೆಗೆ ಬೆನ್ನು ಹಾಕಿ, ಬಯಲು ಸಮುದ್ರದ ಕಡೆಗೆ ಹೊರಟಿತು. ಕುಸುಮಾ ಬಲಗಡೆ ಹುಟ್ಟು ಹಾಕಿ ಹಾಕಿ ಅದನ್ನು ದಾರಿಗೆ ತಂದಳು. ಸ್ವಲ್ಪ ಹೊತ್ತಿಗೆ ಇನ್ನೊಂದು ಬಂಡೆ. ಮತ್ತೆ ಕಾಲು ಒತ್ತಿತು, ಮತ್ತೆ ದೋಣಿ ಪಶ್ಚಿಮಾಭಿಮುಖ. ಗಾಬರಿಯಲ್ಲಿ ಅವನು ಇನ್ನಷ್ಟು ಬಲವಾಗಿ ಒತ್ತಿದ. ಬ್ರೇಕ್ ಹಿಡಿಯದಿದ್ದರೆ ಯಾರಾದರೂ ಅದನ್ನೇ ಮಾಡುತ್ತಾರೆ. ದೋಣಿ ಇನ್ನಷ್ಟು ಹುರುಪಿನಿಂದ ತಿರುಗಿತು.

ಮುಂದಿನ ದೋಣಿಯಿಂದ ಅರುಣ ಕೂಗಿದ. "ಎಂತ ಮಾರಾಯ್ರೆ, ನಿಮ್ಮ ದೋಣಿ ಮಸ್ಕತ್ತಿಗೆ ಹೊರಟದೆ! ಗವಿ ಈ ಕಡೆ!"

ಜಗನ್ನಾಥ, "ಯೋಗಾನಂದ, ಪಾಸ್‌ಪೋರ್ಟ್ ತಂದಿದ್ದೀರೇನ್ರೀ?" ಅಂದು ತಮ್ಮ ಮಾತಿಗೆ ತಾವೇ ಬಿದ್ದು ಬಿದ್ದು ನಕ್ಕರು.

ತಕ್ಕ ಉತ್ತರ ಯೋಗಾನಂದನ ನಾಲಗೆಯ ತುದಿಗೆ ಬಂದಿತ್ತು. ನುಂಗಿದ. ಕುಸುಮಾಳ ಕತ್ತು ಬೆವರಿನಲ್ಲಿ ಒದ್ದೆಯಾಗಿತ್ತು. ಅವಳು ಉಸಿರುಬಿಡುತ್ತ, "ರೀ, ನಾನೇನು ತಪ್ಪು ಮಾಡ್ತಿದೀನಿ? ಎಷ್ಟು ನೆಟ್ಟಗೆ ಹಾಕಿದ್ರೂ ಬಲಕ್ಕೇ ಹೋಗತ್ತಲ್ಲ ಇದು," ಅಂದಳು.

ಆಗ ಅವನು ಬಗ್ಗಿ ತನ್ನ ಕಾಲನ್ನು ನೋಡಿಕೊಂಡ. ಬಲ ಪಾದ ಪೆಡಲನ್ನು ಪೂರ್ತಿ ಒಳಕ್ಕೆ ಒತ್ತಿಕೊಂಡು ಕೂತಿತ್ತು. ಎತ್ತಿದ. ದೋಣಿ ನೆಟ್ಟಗಾಯಿತು. ಅಲೆಯೊಂದು ಬಂತು, ಕಾಲು ಮತ್ತೆ ಹೋಗಿ ಕೂತಿತು. ಯೋಗಾನಂದನಿಗೆ ಎಲ್ಲ ತಿಳಿಯಿತು, ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅವಳು ಸರಿಯಾಗಿಯೇ ನಡೆಸುತ್ತಿದ್ದಳು. ದೋಣಿಯನ್ನು ಹಾಳು ಮಾಡುತ್ತಿದ್ದವನು ತಾನು. 'ನಿನ್ನ ತಪ್ಪಲ್ಲ ಕಣೇ, ನನ್ನ ಕಾಲು' ಎಂದು ಹೇಳಬೇಕು ಅನ್ನಿಸಿತು. ಹೇಳಿದರೆ ಸೇತುರಾಮ. ಸುಮ್ಮನಾದ. ಸುಮ್ಮನಾದದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಗುಡ್ಡದ ಮೂಗು ದಾಟಿದ ಮೇಲೆ ಗವಿಯ ಬಾಯಿ ಕಂಡಿತು. ಕರೀ ಬಂಡೆಯಲ್ಲಿ ಒಂದು ಕಮಾನು, ಲಾರಿ ಹೋಗುವಷ್ಟು ಅಗಲ, ಒಳಗೆ ಬರೀ ಕತ್ತಲೆ. ಅರುಣ ದೋಣಿ ನಿಲ್ಲಿಸಿಕೊಂಡು ವಿವರಿಸಿದ. ಒಳಗೆ ಹೋದಮೇಲೆ ಗವಿ ಎಡಕ್ಕೆ ತಿರುಗುತ್ತದೆ, ಆ ಕಡೆ ಇನ್ನೊಂದು ಬಾಯಿಯಿದೆ, ಅಲ್ಲಿಂದ ಹೊರಗೆ. ಹಿಂದಕ್ಕೆ ಬರುವ ಹಾಗಿಲ್ಲ, ಜಾಗ ಸಾಲದು. ಬಲಗಡೆ ಗೋಡೆಗೆ ಮಾತ್ರ ಹೋಗಬೇಡಿ, ಚಿಪ್ಪು ಬ್ಲೇಡಿನ ಹಾಗಿವೆ, ಮೈ ಕುಯ್ಯುತ್ತವೆ. "ಮೊದಲು ನಾವು ಹೋಗ್ತೇವೆ. ಆಚೆ ಮುಟ್ಟಿ ಸೀಟಿ ಊದ್ತೇನೆ, ಆಮೇಲೆ ನೀವು ಬನ್ನಿ. ಹೆದರ್ಬೇಡಿ ಅಕ್ಕ, ಇವತ್ತು ಸಮುದ್ರ ಸಣ್ಣದಿದೆ."

ಒನ್ ವೇ ರಸ್ತೆ. ಬಲಕ್ಕೆ ಹೋದರೆ ಬ್ಲೇಡು. ಹೆಂಡತಿ ಮುಂದೆ. ಬ್ರೇಕಿಲ್ಲ. ಅರುಣ ಮತ್ತು ಜಗನ್ನಾಥ ಕತ್ತಲೆಯಲ್ಲಿ ಮಾಯವಾದರು. ಬಾಯಿ ಬಿಟ್ಟು, ಬೇಡ ಕಣೇ, ವಾಪಸ್ ಹೋಗೋಣ ಎಂದುಬಿಡಲೇ ಎಂದು ಯೋಗಾನಂದನಿಗೆ ಅನ್ನಿಸಿತು. ಅಷ್ಟರಲ್ಲಿ ಒಳಗಿಂದ ಸೀಟಿ ಕೇಳಿಸಿತು. ಕುಸುಮಾ ಹೆಗಲು ಕುಲುಕಿ ಜಾಕೆಟ್ ಸರಿಮಾಡಿಕೊಂಡಳು. ಹೊಸ ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಅವಳು ಹೀಗೇ ಮಾಡುತ್ತಾಳೆ. ಇನ್ನು ತಡೆದು ಪ್ರಯೋಜನವಿಲ್ಲವೆಂದು ಅವನಿಗೆ ಗೊತ್ತಾಯಿತು.

ಅವನು ತನ್ನಿಂದಾಗುವ ಒಂದೇ ಕೆಲಸ ಮಾಡಿದ. ಎರಡೂ ಕೈಯಿಂದ ಬಲಗಾಲನ್ನು ಎತ್ತಿ ಮಡಚಿದ. ಎಡಗಾಲನ್ನೂ ಎತ್ತಿ ಅದರ ಮೇಲೆ ಹಾಕಿದ. ಮದುವೆ ಮನೆಯ ಪಂಕ್ತಿಗೆ ಕೂತವನಂತೆ ಚಕ್ಕಂಬಕ್ಕಳ ಹಾಕಿ, ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಕಾಲಿನ ಹೆಬ್ಬೆರಳನ್ನು ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡ. ಬಿಟ್ಟರೆ ಅದು ಓಡಿಹೋಗುತ್ತದೆಂಬ ಭಯ.

ದೋಣಿ ಒಳಕ್ಕೆ ನುಸುಳಿತು. ಬಿಸಿಲು ಕಳೆದು ತಂಪು ಮೈಗೆ ಬಂತು. ಉಪ್ಪಿನ ವಾಸನೆ, ಪಾಚಿಯ ವಾಸನೆ. ಮೇಲಿನ ಬಿರುಕಿನಿಂದ ಪಾರಿವಾಳಗಳು ಪಟಪಟನೆ ಎದ್ದವು. ಹಿಂದಿನ ಬಾಯಿಂದ ಬಂದ ಬೆಳಕು ನೀರಿನೊಳಗೆ ಇಳಿದು ತಳವೆಲ್ಲ ಹಸಿರಾಗಿ ಹೊಳೆಯಿತು. ಚೆಂದವಾಗಿತ್ತು ಎಂದು ಯೋಗಾನಂದ ಆಮೇಲೆ ಎಲ್ಲರಿಗೂ ಹೇಳಿದ. ಆದರೆ ಆಗ ಅವನ ಕಣ್ಣು ಇದ್ದದ್ದು ಹೆಂಡತಿಯ ಜಡೆಯ ಮೇಲೆ. ಅದೊಂದು ಕಾಣುತ್ತಿದ್ದರೆ ಸಾಕಿತ್ತು.

ತಿರುವಿನ ಹತ್ತಿರ ಜಡೆಯೂ ಕಾಣದಷ್ಟು ಕತ್ತಲೆಯಾಯಿತು. ಅದೇ ಹೊತ್ತಿಗೆ ಹಿಂದಿನಿಂದ ದೊಡ್ಡದೊಂದು ಅಲೆ ಒಳಗೆ ಬಂತು. ನೀರು ಉಬ್ಬಿತು, ದೋಣಿ ಮೇಲಕ್ಕೆದ್ದಿತು, ಚಾವಣಿ ಕೆಳಗಿಳಿದಂತಾಯಿತು. ಗವಿಯ ಕೊನೆಯಲ್ಲೆಲ್ಲೋ ಅಲೆ ಬಡಿದು, ಗುಡ್ಡವೇ ಕೆಮ್ಮಿದಂತೆ ಸದ್ದಾಯಿತು.

"ರೀ!" ಕುಸುಮಾ ಕೂಗಿದಳು. "ಏನೂ ಕಾಣ್ತಿಲ್ಲ ರೀ! ಎಡಕ್ಕೆ ಈಗಲೇ ತಿರುಗಿಸ್ಲಾ, ಇನ್ನೊಂಚೂರು ಮುಂದಕ್ಕಾ?"

ಯೋಗಾನಂದ ಹೆಬ್ಬೆರಳು ಹಿಚುಕಿಕೊಂಡ. ಇದು ಪರೀಕ್ಷೆ ಅಂದುಕೊಂಡ. ಅವಳಿಗೆ ಬುದ್ಧಿ ಜಾಸ್ತಿ, ತನ್ನ ಬಾಯಿ ಬಿಡಿಸಲು ಹೂಡಿದ ಆಟ.

"ರೀ, ಏನಾದ್ರೂ ಹೇಳ್ರೀ! ಹಿಂದೆ ಇದೀರಾ ಇಲ್ವಾ? ಬೇಡ ಅಂದಾಗೆಲ್ಲ ಊರು ಕಿತ್ತೋಗೋ ಹಂಗೆ ಕೂಗ್ತೀರ, ಈಗ ಬಾಯಿ ಹೊಲ್ಕೊಂಡ್ ಕೂತಿದೀರಲ್ಲಾ!"

ಅವಳ ದನಿ ನಡುಗಿತು. ಆ ನಡುಕ ಆಟದ್ದಲ್ಲ. ಇಷ್ಟು ವರ್ಷ ಜೊತೆಗಿದ್ದವನಿಗೆ ಅಷ್ಟು ಗೊತ್ತಾಗದೆ ಇರುತ್ತದೆಯೇ? ಬೋರ್ಡು, ಸೇತುರಾಮ, ಮೈಸೂರು ರಸ್ತೆ ಎಲ್ಲ ಅವನ ತಲೆಯಿಂದ ತೊಳೆದುಹೋಯಿತು. ಯೋಗಾನಂದ ಬಾಯಿ ತೆರೆದ. ಜೀವಮಾನವಿಡೀ ಸೂಚನೆ ಕೊಟ್ಟ ಬಾಯಿ. ಅದರಿಂದ ಒಂದೇ ಒಂದು ಸೂಚನೆಯೂ ಬರಲಿಲ್ಲ. ನೀರಿನ ವಿಷಯ ಅವನಿಗೇನು ಗೊತ್ತು?

"ನಂಗೇನೂ ಗೊತ್ತಿಲ್ಲ ಕಣೇ!" ಎಂದು ಗವಿ ನಡುಗುವ ಹಾಗೆ ಕೂಗಿದ. "ನಿಂಗೇ ಗೊತ್ತಾಗೋದು! ನೀನು ಸರಿಯಾಗೇ ಹೊಡೀತಿದೀಯ, ಆಗಿಂದ ಕೆಡಿಸಿದ್ದು ನಾನು, ನನ್ ಕಾಲು! ಈಗ ಎತ್ಕೊಂಡ್ ಕೂತಿದೀನಿ! ಎಲ್ಲೂ ಹೋಗಿಲ್ಲ, ಇಲ್ಲೇ ಇದೀನಿ!"

ಇದೀನಿ, ದೀನಿ, ನಿ ಎಂದು ಗವಿಯೆಲ್ಲ ಹೇಳಿತು. ಮುಂದಿನಿಂದ ಕಿಸಕ್ಕೆಂದು ನಗು ಕೇಳಿಸಿತು. ಹಿಂದೆಯೇ ಬಲಗಡೆ ಹುಟ್ಟು ನೀರಿಗೆ ಬಿದ್ದ ಸದ್ದು, ಮತ್ತೊಂದು, ಮತ್ತೊಂದು. ಅಲೆ ಹಿಂದಕ್ಕೆ ಹೀರಿಕೊಳ್ಳುವಾಗ ಕುಸುಮಾ ಹುಟ್ಟನ್ನು ತಡೆಹಿಡಿದಳು, ಬಿಟ್ಟಾಗ ಹಾಕಿದಳು. ದೋಣಿ ತೋಳು ಕೂಡಿಸಿದ ಹೊಲಿಗೆಯಷ್ಟು ನಯವಾಗಿ ಎಡಕ್ಕೆ ಬಾಗಿತು. ಎದುರಿಗೆ ಒಂದು ಬಿಳೀ ಚುಕ್ಕೆ, ಅದು ಬಾಗಿಲಷ್ಟಾಗಿ, ಬಾಗಿಲು ಬಿಸಿಲಾಗಿ, ಇಬ್ಬರೂ ಆಚೆ ಬಂದರು.

ಹೊರಗೆ ಜಗನ್ನಾಥ ಚಪ್ಪಾಳೆ ತಟ್ಟಿದರು. ಚಕ್ಕಂಬಕ್ಕಳ ಹಾಕಿ ಕೂತ ಯೋಗಾನಂದನನ್ನು ನೋಡಿ ಅರುಣ, "ಸಾರ್ ಎಂತ ತಪಸ್ಸಿಗೆ ಕೂತಿದ್ರಾ?" ಎಂದು ಕೇಳಿದ. ಈ ಸಲ ಯೋಗಾನಂದ ಮನಸಾರೆ ಉತ್ತರ ಕೊಟ್ಟ. ಹೇಗೂ ಮಾತಾಡಿ ಆಗಿತ್ತಲ್ಲ.

ದೋಣಿಯನ್ನು ಮರಳಿಗೆ ಎಳೆದ ಮೇಲೆ ಇಬ್ಬರೂ ಒದ್ದೆ ಬಟ್ಟೆಯಲ್ಲೇ ಒಂದು ಬಂಡೆಯ ಮೇಲೆ ಕೂತರು. ಅರುಣ ತಂದುಕೊಟ್ಟ ಎಳನೀರನ್ನು ಕುಸುಮಾ ಗಟಗಟ ಕುಡಿದು, ಬಾಯಿ ಒರೆಸಿಕೊಂಡು, "ಸೋತ್ರಿ," ಅಂದಳು.

"ಮಾತಾಡಿ ಅಂದಿದ್ದು ನೀನೇ!"

"ಮಾತಾಡ್ಬೇಡಿ ಅಂದಿದ್ದೂ ನಾನೇ."

ಯೋಗಾನಂದ ಎಳನೀರಿನ ಬುರುಡೆಯನ್ನು ಕೈಯಲ್ಲಿ ತಿರುಗಿಸುತ್ತ ಕೂತ. ಆಮೇಲೆ ಅವಳ ಕಡೆ ನೋಡದೆ, "ಸೇತುರಾಮನ ಹತ್ರಾನೇ ಸೇರ್ಕೋ ಕಣೇ. ಅದೇ ಸರಿ," ಅಂದ.

ಕುಸುಮಾ ಹುಬ್ಬೇರಿಸಿದಳು. ಅವಳು ಸ್ವಲ್ಪ ಜಗಳವನ್ನಾದರೂ ನಿರೀಕ್ಷಿಸಿದ್ದಳು.

"ಬೇರೆಯವರ ಪಕ್ಕ ಕೂತಾಗ ಗಾಡಿಗೇನಾಗತ್ತೋ ಅಂತ ಯೋಚನೆ," ಯೋಗಾನಂದ ಹೇಳಿದ. "ಡೆಂಟ್ ಆದ್ರೆ ತಟ್ಟಿಸ್ಬೋದು. ನಿನ್ ಪಕ್ಕ ಕೂತ್ರೆ ಗಾಡಿ ನೆನಪೇ ಆಗಲ್ಲ. ನಿಂಗೇನಾದ್ರೂ ಆಗೋದ್ರೆ ಅಂತ ಪ್ರಾಣ ಬಾಯಿಗ್ ಬರತ್ತೆ. ಬಾಯಿಗ್ ಬಂದಿದ್ದು ಬೈಗುಳ ಆಗೋಗತ್ತೆ. ನಾನೇನ್ ಮಾಡ್ಲಿ?"

"ಇದನ್ನ ಆವತ್ತು ಮಲ್ಲತ್ತಹಳ್ಳೀಲೇ ಹೇಳಿದ್ರೆ ಏನಾಗ್ತಿತ್ತು ನಿಮಗೆ?" ಎಂದು ಕುಸುಮಾ ಕೇಳಿದಳು. ಕಣ್ಣು ಒದ್ದೆಯಾಗಿತ್ತೋ, ಸಮುದ್ರದ ನೀರೋ, ಅವನು ಕೇಳಲು ಹೋಗಲಿಲ್ಲ.

ಬೆಂಗಳೂರಿಗೆ ಬಂದ ಮೇಲೆ ಯೋಗಾನಂದ ಸ್ವತಃ ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ದೀಪಾಂಜಲಿ ನಗರಕ್ಕೆ ಹೋದ. ಅವನು ಬರುವುದನ್ನು ಕಂಡ ಸೇತುರಾಮ ಜಗಳಕ್ಕೇ ಬಂದನೆಂದು ಭಾವಿಸಿ ಕುರ್ಚಿಯಿಂದೆದ್ದು, "ಯೋಗಣ್ಣ, ನಾನು ಕರೀಲಿಲ್ಲ, ಅಕ್ಕಾವ್ರೇ ಬಂದು ಕೇಳಿದ್ದು," ಎಂದು ಒಂದೇ ಉಸಿರಿಗೆ ಹೇಳಿದ. ಯೋಗಾನಂದ ಅವನ ಕೈ ಹಿಡಿದುಕೊಂಡು, "ಚೆನ್ನಾಗಿ ಕಲಿಸಪ್ಪ," ಅಂದ. ಸೇತುರಾಮ ಆ ದಿನವೆಲ್ಲ ಇದರ ಹಿಂದಿನ ಮಸಲತ್ತೇನೆಂದು ಯೋಚಿಸಿ ಊಟ ಬಿಟ್ಟನಂತೆ.

ಮಾನ ಹೋಗುತ್ತದೆ ಎಂದು ಹೆದರಿದ್ದನಲ್ಲ, ಹೋಯಿತು. ಪಾರ್ಕಿನಲ್ಲಿ ಜಗನ್ನಾಥ ದಿನಾ ಹೊಸದೊಂದು ಜೋಕು ಮಾಡಿದರು. ಒಂದಿಬ್ಬರು ವಿದ್ಯಾರ್ಥಿನಿಯರು, "ಸಾರ್, ನಿಮ್ಮ ಮಿಸೆಸ್ಸೇ ಅಲ್ಲಿ ಕಲೀತಿದಾರಂತೆ?" ಎಂದು ಕೇಳಿದರು. "ಹೌದಮ್ಮ, ನನ್ ಬಾಯಿ ಸರಿ ಇಲ್ಲ," ಎಂದು ಇವನು ಒಪ್ಪಿಕೊಂಡ. ಒಪ್ಪಿಕೊಂಡವನನ್ನು ಎಷ್ಟು ದಿನ ಕೆಣಕುವುದು? ಊರಿಗೇ ಬೇಜಾರು ಬಂದು ಬೇರೆಯವರ ವಿಷಯಕ್ಕೆ ಹೋಯಿತು. ಕುಸುಮಾ ಮೊದಲ ಸಲಕ್ಕೇ ಪಾಸಾದಳು.

ಲೈಸೆನ್ಸ್ ಕೈಗೆ ಬಂದ ಭಾನುವಾರ ಇಬ್ಬರೂ ಹನುಮಕ್ಕನನ್ನು ನೋಡಲು ಕೆಂಗೇರಿಗೆ ಹೊರಟರು. ಕುಸುಮಾ ಸ್ಟೇರಿಂಗ್ ಹಿಡಿದಳು. ಯೋಗಾನಂದ ಪಕ್ಕದಲ್ಲಿ ಕೂತ. ಸಾರಿನ ಪಾತ್ರೆ ಈಗ ಅವನ ಮಡಿಲಲ್ಲಿತ್ತು. ನಾಯಂಡಹಳ್ಳಿಯ ಹತ್ತಿರ ಬಿಎಂಟಿಸಿ ಬಸ್ಸೊಂದು ಹೇಳದೆ ಕೇಳದೆ ಎದುರಿಗೆ ನುಗ್ಗಿತು. ಯೋಗಾನಂದನ ಗಂಟಲಿಗೆ ಕೂಗು ಬಂತು, ಅಲ್ಲೇ ನಿಂತಿತು. ಪಾತ್ರೆಯನ್ನು ತಬ್ಬಿಕೊಂಡು ಅವನು ಮೆತ್ತಗೆ ಹೇಳಿದ.

"ಕುಸುಮಾ, ನಂಗೆ ಭಯ ಆಗ್ತಿದೆ."

"ನಂಗೂ ಆಗ್ತಿದೆ ಕಣ್ರೀ," ಅಂದಳು ಕುಸುಮಾ, ರಸ್ತೆಯಿಂದ ಕಣ್ಣು ತೆಗೆಯದೆ. ಬಸ್ಸಿಗೆ ದಾರಿ ಬಿಟ್ಟು, ಅದು ಹೋದಮೇಲೆ ಗೇರ್ ಬದಲಾಯಿಸಿದಳು.